‘ಆದರೂ’ ಬೇಡ ಅಂದೆ

ಆಪ್ತ ಸಮಾಲೋಚನೆಗೆ ಅಂತ ಮೇಷ್ಟ್ರ ಮಕ್ಕಳು ನನ್ನ ಹತ್ತಿರ ಸ್ವಲ್ಪ ಜಾಸ್ತಿಯೇ ಬರುತ್ತಾರೆ. ಅಪ್ಪ ತೀರಿಕೊಂಡು, ಊರೆಲ್ಲ ಹೊಗಳಿ ಮುಗಿಸಿದ ಮೇಲೆ ಬರುತ್ತಾರೆ. ನಿದ್ದೆ ಬರುತ್ತಿಲ್ಲ, ಸುಮ್‌ಸುಮ್ನೆ ಸಿಟ್ಟು ಬರುತ್ತದೆ ಅಂತ ಶುರು ಮಾಡುತ್ತಾರೆ. ಎರಡು ಮೂರು ಭೇಟಿ ಆದ ಮೇಲೆ ನಿಜವಾದ ಮಾತು ಹೊರಗೆ ಬರುತ್ತದೆ: ಎಲ್ಲರಿಗೂ ಸಿಕ್ಕ ಮನುಷ್ಯ ನಮಗೆ ಸಿಗಲಿಲ್ಲ.

ಈಕೆಯನ್ನು ಸರೋಜಾ ಅನ್ನೋಣ. ಹಳೇ ಮೈಸೂರು ಕಡೆಯವರು, ವಯಸ್ಸು ನಲವತ್ತರ ಮೇಲೆ. ಊರು, ಮನೆಯ ವಿವರ ಬದಲಿಸಿದ್ದೇನೆ. ಯುದ್ಧ ಮತ್ತು ಆಟ ಮಾತ್ರ ಹಾಗೇ ಇವೆ, ಅವನ್ನು ಬದಲಿಸಿದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಬರೆಯಲು ಅವರ ಒಪ್ಪಿಗೆ ಇದೆ.

ತಂದೆ ಬೆಂಗಳೂರಿನ ಹಲಸೂರಿನಲ್ಲಿರುವ, ಸೇನೆಯ ಎಂಜಿನಿಯರುಗಳ ಪಡೆಯಾದ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿ, 1971ರ ಯುದ್ಧ ಕಂಡವರು. ಸೇನೆ ಬಿಟ್ಟು ಬಂದ ಮೇಲೆ ದೈಹಿಕ ಶಿಕ್ಷಕರಾದರು. ಮಕ್ಕಳ ಬಾಯಲ್ಲಿ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಬೆಳಿಗ್ಗೆ ಹೋಗಿ ಖೋ ಖೋ ಕಲಿಸುತ್ತಿದ್ದರು. ತೀರಿಕೊಂಡು ವರ್ಷವಾಗುವಾಗ ಹಳೇ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರಲು ಹೊರಟರು. ಮಗಳಿಗೆ ಎರಡು ಪುಟ ಬರೆದುಕೊಡಿ ಅಂದರು. ಆವತ್ತಿನಿಂದ ಆಕೆಗೆ ನಿದ್ದೆ ಇಲ್ಲ. (ನಿದ್ದೆಯ ವಿಷಯಕ್ಕೆ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಅದನ್ನು ಮಾತಿನಿಂದಲೇ ಸರಿಮಾಡುತ್ತೇನೆ ಅನ್ನುವವರನ್ನು ನಂಬಬೇಡಿ.)

ಎಂಟನೇ ಕ್ಲಾಸಿನಲ್ಲಿದ್ದಾಗ ಸರೋಜಾ ಕಂಬದ ಹತ್ತಿರ ತಿರುಗುವುದರಲ್ಲಿ ಶಾಲೆಗೇ ಚುರುಕು. ತಾಲ್ಲೂಕು ಪಂದ್ಯಕ್ಕೆ ಹನ್ನೆರಡು ಜನರ ಪಟ್ಟಿ ಮಾಡಬೇಕು. ಅಪ್ಪ ಮನೆಯಲ್ಲಿ ಕೂತು ಪಟ್ಟಿ ಬರೆದರು. ಅದರಲ್ಲಿ ಇವಳ ಹೆಸರಿತ್ತು. ಆಮೇಲೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. “ಮೇಷ್ಟ್ರ ಮಗಳು ಅಂತ ಜನ ಆಡ್ಕೋತಾರೆ” ಅಂದದ್ದು ಬಿಟ್ಟರೆ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಇವರು ಮತ್ತೆ ಆಡಲೂ ಇಲ್ಲ.

ನಾಲ್ಕನೇ ಭೇಟಿಗೆ ಒಂದು ಫೈಲು ತಂದರು. ಸಂಚಿಕೆಗೆ ಬಂದ ಬರಹಗಳು. “ಇವರೆಲ್ಲ ಯಾರ ಬಗ್ಗೆ ಬರ್ದಿದಾರೆ ಮೇಡಂ?” ಅಂದರು. ಯಾವುದಾದರೂ ಒಂದನ್ನು ಜೋರಾಗಿ ಓದಿ ಅಂದೆ. ಕೈಗೆ ಸಿಕ್ಕಿದ್ದು ಲಾರಿ ಓಡಿಸುವ ಒಬ್ಬ ಹಳೇ ವಿದ್ಯಾರ್ಥಿ ಬರೆದ ನಾಲ್ಕೈದು ಸಾಲು. ಮೇಷ್ಟ್ರು ನಮಗಿಂತ ಅರ್ಧ ಗಂಟೆ ಮುಂಚೆ ಬರುತ್ತಿದ್ದರು. ಬರಿಗಾಲಲ್ಲಿ ಅಂಕಣದ ತುಂಬ ಅಡ್ಡಡ್ಡ ನಡೆಯುತ್ತಿದ್ದರು. ಗಾಜಿನ ಚೂರು, ಮುಳ್ಳು, ಸೋಡಾ ಮುಚ್ಚಳ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದಾದ ಮೇಲೇ ಸೀಟಿ ಊದುತ್ತಿದ್ದರು. ಇಷ್ಟೇ.

ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಅಷ್ಟು ಜಾಗವನ್ನು ಹೆಜ್ಜೆ ಹೆಜ್ಜೆಗೂ ನೋಡಿಕೊಂಡು ನಡೆಯಲು ಅರ್ಧ ಗಂಟೆ ಬೇಕೇ ಬೇಕು.

ಸರೋಜಾ ಓದು ನಿಲ್ಲಿಸಿ ಬಹಳ ಹೊತ್ತು ಕೂತರು. ಆಮೇಲೆ, “ಹೊಲಕ್ಕೆ ಹೋಗುವಾಗಲೂ ಹಿಂಗೇ. ನಮ್ಮನ್ನ ಬದುವಿನ ಮೇಲೆ ನಿಲ್ಲಿಸಿ ಅವರು ಮುಂದೆ ಹೋಗೋರು. ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡು ಅನ್ನೋರು. ನಾನು ದರ್ಪ ಅನ್ಕೊಂಡಿದ್ದೆ” ಅಂದರು.

ಯುದ್ಧದಲ್ಲಿ ಅವರದ್ದು ಏನು ಕೆಲಸ ಅಂತ ಕೇಳಿದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಪಶ್ಚಿಮಿ ಸ್ಟಾರ್ ಪದಕ ಇದೆ, ಬಸಂತರ್ ಅನ್ನೋ ಹೆಸರು ಒಂದೆರಡು ಸಲ ಕೇಳಿದೀನಿ, ಬೇರೇನೂ ಗೊತ್ತಿಲ್ಲ ಅಂದರು. ನನಗೆ ಗೊತ್ತಿದ್ದಷ್ಟು ಹೇಳಿದೆ. 1971ರ ಡಿಸೆಂಬರ್ ಮಧ್ಯದಲ್ಲಿ ಶಕರ್‌ಗಢ ವಲಯದ ಬಸಂತರ್ ನದಿಯ ಹತ್ತಿರ ಪಾಕಿಸ್ತಾನದವರು ನೆಲದ ತುಂಬ ಮೈನ್, ಅಂದರೆ ನೆಲಬಾಂಬು, ಹೂತಿದ್ದರು. ನಮ್ಮ ಟ್ಯಾಂಕುಗಳು ದಾಟುವುದಕ್ಕೆ ಮುಂಚೆ ಎಂಜಿನಿಯರುಗಳು ಹೋಗಿ ದಾರಿ ತೆರವು ಮಾಡಬೇಕಿತ್ತು. ಹೀಗೆ ತೆರವು ಮಾಡಿದ ದಾರಿಗೆ ಗುರುತಿನ ಪಟ್ಟಿ ಎಳೆಯುತ್ತಾರೆ. ಹಿಂದೆ ಬರುವವರು ಆ ಪಟ್ಟಿಗಳ ನಡುವೆಯೇ ಬರಬೇಕು. ಅಂಕಣದ ಸುಣ್ಣದ ಗೆರೆ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಷ್ಟು ಚೆಂದದ ಹೋಲಿಕೆ ನನ್ನದಾಗುತ್ತಿತ್ತು, ಆಕೆಯದ್ದಲ್ಲ.

“ಹಾಗಾದ್ರೆ ಈಗ ನಾನು ಅವರನ್ನ ಕ್ಷಮಿಸಬೇಕು, ಅಲ್ವಾ?” ಅಂತ ಕೇಳಿದರು.

ಬೇಡ ಅಂದೆ.

ಈ ಉತ್ತರಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಬೈದರು. ಯುದ್ಧದ ಆಘಾತ ಅಂತ ಬಿಡಿಸಿ ಹೇಳಿದ್ದರೆ ಮಗಳಿಗೆ ನೆಮ್ಮದಿ ಸಿಗುತ್ತಿತ್ತು ಅಂದರು. ಸಿಗುತ್ತಿತ್ತೇನೋ. ಆಘಾತದ ನಂತರದ ಈ ತೊಂದರೆಗೆ ಪಿಟಿಎಸ್‌ಡಿ ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ ಹೆಸರು ಕೊಟ್ಟದ್ದೇ 1980ರಲ್ಲಿ. ಆ ಮನುಷ್ಯ ಯುದ್ಧ ಮುಗಿಸಿ ಬಂದಾಗ ಕೇಳುವವರೂ ಇರಲಿಲ್ಲ, ಹೇಳಿಕೊಳ್ಳಲು ಪದವೂ ಇರಲಿಲ್ಲ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಒಂದು ಸಲವೂ ನನ್ನೆದುರು ಕೂರದವರಿಗೆ, ಅದೂ ತೀರಿಕೊಂಡವರಿಗೆ, ನಾನು ಕಾಯಿಲೆಯ ಹೆಸರು ಕೊಡುವುದಿಲ್ಲ. ಅವರು ಬರೀ ಜಾಗ್ರತೆಯ ಮನುಷ್ಯ ಇದ್ದಿರಬಹುದು. ಇನ್ನೊಂದು ಕಾರಣವೂ ಇದೆ. ಹೆಸರು ಕೊಟ್ಟ ಕೂಡಲೇ ಮಗಳು ಅಪ್ಪನ ಆರೈಕೆಗೆ ನಿಲ್ಲುತ್ತಾಳೆ. ಪಾಪ, ಅವರಿಗೆ ಕಷ್ಟ ಇತ್ತು ಅನ್ನುತ್ತಾಳೆ. ಎಂಟನೇ ಕ್ಲಾಸಿನ ಹುಡುಗಿ ಮತ್ತೆ ಪಟ್ಟಿಯಿಂದ ಹೊರಗೆ. ಹೆಸರು ಹೊಡೆದದ್ದಕ್ಕೂ ಬಸಂತರಿಗೂ ಏನು ಸಂಬಂಧ? ಯುದ್ಧವನ್ನೇ ಕಾಣದ ಮೇಷ್ಟ್ರುಗಳೂ ಜನರ ಬಾಯಿಗೆ ಹೆದರಿ ಸ್ವಂತ ಮಕ್ಕಳಿಗೆ ಹಾಗೆ ಮಾಡಿದ್ದಾರೆ.

ಆಕೆಗೆ ನಾನು ಕೊಟ್ಟ ಸಲಹೆ ತೀರಾ ಸಣ್ಣದು. ಎರಡು ಪುಟ ಬೇಡ, ಕಣ್ಣಾರೆ ಕಂಡ ಎರಡು ಸಂಗತಿ ಬರೆಯಿರಿ. ಹೊಲದಲ್ಲಿ ಮುಂದೆ ನಡೆದದ್ದು ಒಂದು, ಪಟ್ಟಿಯಲ್ಲಿ ಹೆಸರು ಹೊಡೆದದ್ದು ಒಂದು. ಎರಡರ ನಡುವೆ ‘ಆದರೂ’ ಅಂತ ಮಾತ್ರ ಹಾಕಬೇಡಿ. ನಮ್ಮ ನುಡಿನಮನಗಳಲ್ಲಿ ಅದು ತಪ್ಪುವುದೇ ಇಲ್ಲ. ಬಾಯಿ ಜೋರು, ಆದರೂ ಮನಸ್ಸು ಬೆಣ್ಣೆ. ಹೊಡೆಯುತ್ತಿದ್ದರು, ಆದರೂ ಒಳ್ಳೆಯದಕ್ಕೇ. ಆ ಪದ ಬಂದರೆ ಅದರ ಹಿಂದಿನ ಮಾತು ಸತ್ತುಹೋಗುತ್ತದೆ. ಹಿಂದಿಟ್ಟದ್ದು ದೂರಾದರೆ ದೂರು, ಹೊಗಳಿಕೆಯಾದರೆ ಹೊಗಳಿಕೆ.

ಹನ್ನೊಂದು ಸಾಲು ಬರೆದು ಕಳಿಸಿದರು. ಸಂಪಾದಕ ಸಮಿತಿಯವರು ಓದಲು ಸರಾಗವಾಗಲಿ ಅಂತ ನಡುವೆ ಒಂದು ‘ಆದರೂ’ ಸೇರಿಸಿದರಂತೆ. ಕರಡು ನೋಡಿ ಸರೋಜಾ ತಾವೇ ಫೋನ್ ಮಾಡಿ ತೆಗೆಸಿದರು. ಆ ಕರಡಿನ ಹಾಳೆಯನ್ನು ನನಗೂ ತಂದು ತೋರಿಸಿದರು. ಆ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದಿದ್ದರು.