ಓಡುತ್ತಾನೆ ಅಂತ ಗೊತ್ತಿದ್ದೂ ತಡೆಯಲಾಗದ್ದೇಕೆ?

ನ್ಯೂಜೆರ್ಸಿಯ ಓದುಗರೊಬ್ಬರು ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯುತ್ತಾರೆ: ‘ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಟೇಸಮ್ ಹಿಲ್ ಕೈಗೆ ಸ್ನ್ಯಾಪ್ (ಸಾಲಿನ ನಡುವಿನ ಸೆಂಟರ್ ಹಿಂದಕ್ಕೆ ಕೊಡುವ ಚೆಂಡು) ಬಂದರೆ ಓಟವೇ ಅಂತ ಟಿವಿ ಮುಂದೆ ಕೂತ ನನಗೇ ಗೊತ್ತಾಗುತ್ತಿತ್ತು. ಎದುರಾಳಿಗಳಿಗೇಕೆ ತಡೆಯಲಾಗುತ್ತಿರಲಿಲ್ಲ? ಮಗನ ಹೈಸ್ಕೂಲ್ ತಂಡ ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನು (ಸ್ನ್ಯಾಪ್ ಹಿಡಿದು ಆಟ ನಡೆಸುವವನನ್ನು) ಹಾಗೆಯೇ ಆಡಿಸುತ್ತದೆ. ಪ್ರತಿ ಸಲ ಎರಡು ಯಾರ್ಡಿಗೇ ಬೀಳುತ್ತಾನೆ.’

ಉತ್ತರ: ತಲೆ ಎಣಿಸಿ ನೋಡಿ. ಮಾಮೂಲಿ ಓಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದೆ ನಿಂತ ಓಟಗಾರ ರನ್ನಿಂಗ್ ಬ್ಯಾಕ್ ಕೈಗಿಟ್ಟರೆ ಅವರ ಕೆಲಸ ಮುಗಿಯಿತು. ಉಳಿದ ಒಂಬತ್ತು ಮಂದಿ ಹನ್ನೊಂದು ಜನರನ್ನು ತಡೆಯಬೇಕು. ಕ್ವಾರ್ಟರ್‌ಬ್ಯಾಕೇ ಓಡಿದರೆ ರನ್ನಿಂಗ್ ಬ್ಯಾಕ್ ಕೂಡ ತಡೆಯಲು ಸಿಗುತ್ತಾರೆ. ಅದನ್ನು ಸರಿದೂಗಿಸಲು ಎದುರಾಳಿ ಹಿಂದೆ ಕಾಯುವ ಸೇಫ್ಟಿ ಆಟಗಾರನನ್ನು ಮುಂದೆ ತರಬೇಕು. ತಂದರೆ ಬೆನ್ನ ಹಿಂದೆ ಉದ್ದ ಪಾಸಿಗೆ ಬಯಲು.

ಹಾಗಾಗಿ ಓಡುವವನು ಪಾಸೂ ಎಸೆಯಬಲ್ಲ ಎಂಬ ಹೆದರಿಕೆ ಎದುರಾಳಿಗೆ ಇರಲೇಬೇಕು. 2022ರ ಅಕ್ಟೋಬರ್ 9ರಂದು ಸಿಯಾಟಲ್ ವಿರುದ್ಧ ಹಿಲ್ 9 ಓಟಗಳಲ್ಲಿ 112 ಯಾರ್ಡ್, 3 ಟಚ್‌ಡೌನ್ ಗಳಿಸಿದರು. ಜೊತೆಗೆ 22 ಯಾರ್ಡಿನ ಟಚ್‌ಡೌನ್ ಪಾಸನ್ನೂ ಎಸೆದರು. ನನಗಂತೂ ಆ ಪಾಸೇ ದೊಡ್ಡದು. 2008ರಲ್ಲಿ ಮಿಯಾಮಿ ತಂಡ ರನ್ನಿಂಗ್ ಬ್ಯಾಕ್ ರಾನಿ ಬ್ರೌನ್‌ಗೆ ನೇರ ಸ್ನ್ಯಾಪ್ ಕೊಟ್ಟು ನ್ಯೂ ಇಂಗ್ಲೆಂಡನ್ನು 38–13ರಿಂದ ಮಣಿಸಿತು. ಬ್ರೌನ್ ಅಂದು ಒಂದು ಟಚ್‌ಡೌನ್ ಪಾಸ್ ಎಸೆದರಾದರೂ ಅವರು ಪಾಸಿಗ ಅಲ್ಲ. ಎದುರಾಳಿಗಳು ಬಹುಬೇಗ ಓಟಕ್ಕೇ ಕಾದು ನಿಲ್ಲತೊಡಗಿದರು.

ಈಗ ಆ ಎರಡು ಯಾರ್ಡಿನ ವಿಷಯ. ಬಹುಶಃ ನಿಮ್ಮವರು ಆಡುತ್ತಿರುವುದು ‘ಪವರ್’ ಓಟ. ಬಲಕ್ಕೆ ಓಡುವುದಾದರೆ ಸೆಂಟರ್ ಪಕ್ಕದ ಸಾಲಿನಲ್ಲಿ ನಿಂತ ಬಲ ಗಾರ್ಡ್, ಬಲ ಟ್ಯಾಕಲ್ ಇಬ್ಬರೂ ಎದುರಿನವರನ್ನು ಒಳಕ್ಕೆ ಒತ್ತುತ್ತಾರೆ. ರನ್ನಿಂಗ್ ಬ್ಯಾಕ್ ಎದುರಾಳಿ ಸಾಲಿನ ತುದಿಯ ಡಿಫೆನ್ಸಿವ್ ಎಂಡ್‌ನನ್ನು ಹೊರಕ್ಕೆ ತಳ್ಳುತ್ತಾನೆ. ಎಡ ಗಾರ್ಡ್ ಸಾಲಿನ ಹಿಂದಿನಿಂದ ಸುತ್ತಿ ಬಂದು, ಆ ಸಂದಿಯಲ್ಲಿ ನುಗ್ಗಿ ಎದುರಾಳಿ ಸಾಲಿನ ಹಿಂದೆ ನಿಂತ ಲೈನ್‌ಬ್ಯಾಕರ್‌ಗೆ ಎದುರಾಗುತ್ತಾನೆ. ಆ ಗಾರ್ಡ್ ಬಿಟ್ಟ ಜಾಗವನ್ನು ಸೆಂಟರ್ ಮುಚ್ಚಬೇಕು. ಚೆಂಡು ಹಿಡಿದವನು ಅರೆಕ್ಷಣ ತಡೆದು ಗಾರ್ಡಿನ ಬೆನ್ನ ಹಿಂದೆಯೇ ಹೋಗಬೇಕು. ಕಾಲಿನಲ್ಲಿ ವೇಗವಿರುವ ಹುಡುಗರು ಇಲ್ಲೇ ಎಡವುವುದು: ಗಾರ್ಡಿಗಿಂತ ಮೊದಲೇ ಸಂದಿಗೆ ನುಗ್ಗುತ್ತಾರೆ, ಲೈನ್‌ಬ್ಯಾಕರ್ ಆರಾಮಾಗಿ ಕೆಡವುತ್ತಾನೆ. ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಎಡ ಗಾರ್ಡನ್ನೇ ನೋಡಿ.

ಮೊದಲ ಕ್ವಾರ್ಟರ್‌ಬ್ಯಾಕ್ ಆಗ ಎಲ್ಲಿರುತ್ತಾನೆ ಎಂಬುದೂ ಮುಖ್ಯ. ಅಂಚಿಗೆ ನಿಲ್ಲಿಸಿ, ಅಲ್ಲಿ ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್ ಅವನನ್ನು ಲೆಕ್ಕಿಸದೆ ಒಳಗೆ ಬಂದರೆ, ಗಳಿಸಿದ ಒಬ್ಬನನ್ನು ಅಲ್ಲೇ ಕಳೆದುಕೊಂಡಿರಿ. ಯಾವಾಗಲಾದರೂ ಅವನತ್ತಲೂ ಒಂದು ಪಾಸ್ ಎಸೆಯಬೇಕು, ಇಲ್ಲವೇ ಅವನನ್ನು ಹೊರಗೆ ಕರೆದು ಪಾಸ್ ಹಿಡಿಯುವ ನಿಜವಾದ ರಿಸೀವರ್‌ನನ್ನು ಇಳಿಸಬೇಕು. ಆದರೆ ಆಟಗಾರರನ್ನು ಬದಲಿಸಿದರೆ, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ, ಎದುರಾಳಿಗೂ ಬದಲಿಸಲು ಅಂಪೈರ್ ಸಮಯ ಕೊಡುತ್ತಾರೆ. ಸೇಂಟ್ಸ್‌ನ ಹಿಂದಿನ ತರಬೇತುದಾರ ಶಾನ್ ಪೇಟನ್ ಹಿಲ್ ಅವರನ್ನು ಟೈಟ್ ಎಂಡ್ (ಸಾಲಿನ ತುದಿಯಲ್ಲಿ ನಿಂತು ತಡೆಯುವ, ಪಾಸೂ ಹಿಡಿಯುವ ಆಟಗಾರ), ರಿಸೀವರ್ ಆಗಿಯೂ ಆಡಿಸಿದ್ದರ ಲಾಭ ಇಲ್ಲಿದೆ. ಮೊದಲೇ ಮೈದಾನದಲ್ಲಿರುವವನು ಮುಂದಿನ ಆಟಕ್ಕೆ ನಾಲ್ಕು ಹೆಜ್ಜೆ ಸರಿದು ಸ್ನ್ಯಾಪಿಗೆ ನಿಂತರೆ ಯಾರನ್ನೂ ಬದಲಿಸಬೇಕಿಲ್ಲ. ಎದುರಾಳಿಗೆ ತಡೆದು ಯೋಚಿಸಲು ಬಿಡುವೂ ಸಿಗದು. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಒಟ್ಟಿಗೆ ಆಡುವಾಗ ಹೆಲ್ಮೆಟ್ಟಿನಲ್ಲಿ ತರಬೇತುದಾರರ ಸೂಚನೆ ಕೇಳುವ ರೇಡಿಯೊ ಒಬ್ಬರಿಗಷ್ಟೇ. ಇನ್ನೊಬ್ಬರದು ಸಾದಾ ಹೆಲ್ಮೆಟ್.

ಅಪಾಯ ಸಣ್ಣದಲ್ಲ. 2023ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು ಒಂದೇ ಪಂದ್ಯದಲ್ಲಿ ಗಾಯಗೊಂಡ ಮೇಲೆ ಲೀಗ್ ತುರ್ತಿಗೆ ಮೂರನೆಯವರನ್ನು ಇಟ್ಟುಕೊಳ್ಳಲು ನಿಯಮ ತಂದಿತು. ಶಾಲಾ ತಂಡದಲ್ಲಿ ಮೂರನೆಯವನಿಗೆ ತರಬೇತಿಯೇ ಇರುವುದಿಲ್ಲ, ಮೊದಲು ಅವನನ್ನು ತಯಾರು ಮಾಡಲಿ. ಎರಡನೆಯವನೂ ಮೊದಲ ಸೆಂಟರ್‌ನ ಕೈಯಿಂದಲೇ ದಿನವೂ ಸ್ನ್ಯಾಪ್ ಹಿಡಿಯಲಿ. ಐದು ಯಾರ್ಡ್ ಹಿಂದೆ ನಿಂತವನ ಮೊಣಕಾಲಿಗೆ ಬಂದ ಚೆಂಡನ್ನು ಬಗ್ಗಿ ಹಿಡಿಯುವಷ್ಟರಲ್ಲಿ ಗಾರ್ಡ್ ಮುಂದೆ ಹೋಗಿರುತ್ತಾನೆ.

ಯಾವಾಗ ಆಡಬೇಕು? ಒಂದೆರಡು ಯಾರ್ಡ್ ಬೇಕಾದಾಗ, ಅಥವಾ ಗೋಲ್ ಗೆರೆಗೆ ಹತ್ತು ಯಾರ್ಡ್ ಒಳಗಿರುವಾಗ. ಮೂರನೇ ಡೌನಿನಲ್ಲಿ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ) ಎಂಟು ಯಾರ್ಡ್ ಬೇಕಿದ್ದರೆ ಮೊದಲನೆಯವನಿಗೇ ಚೆಂಡು ಕೊಡಲಿ.

– ಸಂ.