ಜಪಾನಿ ಭಾಷೆಯಲ್ಲಿ ಕಬ್ಬಿಣಕ್ಕೆ 'ಐರೊನ್' ಅಂದ್ರೆ ಸಾಕಾ?

ಸಾಲದು. ತೆತ್ಸು ಅನ್ನಿ, ಕೊನೆಯ ಉಕಾರ ಕೇಳಿಸೀತೋ ಇಲ್ಲವೋ ಅನ್ನುವಷ್ಟು ಮೆತ್ತಗೆ.

ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಪೀಣ್ಯದ ಕಾರ್ಖಾನೆಯಿಂದ ನನ್ನನ್ನು ಆರು ತಿಂಗಳ ಟ್ರೈನಿಂಗಿಗೆ ಜಪಾನಿನ ಐಚಿ ಪ್ರಾಂತ್ಯಕ್ಕೆ ಕಳಿಸಿದ್ದರು. ಅಲ್ಲಿ ಅಲ್ಯೂಮಿನಿಯಂಗೆ ಅರುಮಿ, ಸ್ಟೇನ್‌ಲೆಸ್‌ಗೆ ಸುತೆನ್‌ರೆಸು, ಟೈಟಾನಿಯಂಗೆ ಚಿತಾನ್ ಅನ್ನುತ್ತಾರೆ. ಎಲ್ಲಾ ಹೊರಗಿನಿಂದ ಬಂದ ಪದಗಳೇ, ಹಾಗಾದ್ರೆ ಐರನ್ ಕೂಡ ಐರೊನ್ ಆಗಿರಲೇಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ತಪ್ಪಿದ್ದು ಅಲ್ಲೇ. ಆ ಮೂರೂ ಅವರಿಗೆ ಹೊಸ ಸಾಮಾನು, ಹೆಸರನ್ನೂ ಜೊತೆಗೇ ತಂದವು. ಕಬ್ಬಿಣ ಅವರಲ್ಲಿ ಸಾವಿರ ವರ್ಷಕ್ಕೂ ಹಳೆಯದು, ಅದಕ್ಕೆ ಹೆಸರು ಮೊದಲೇ ಇತ್ತು. ಐರೊನ್ ಅನ್ನುವ ಪದವೂ ಅಲ್ಲಿ ಇದೆ, ಆದ್ರೆ ಅದು ಇಸ್ತ್ರಿಪೆಟ್ಟಿಗೆ.

ನಾನು ಸ್ಟೋರ್ಸಿಗೆ ಚೀಟಿ ಬರೆದೆ: 'ಐರೊನ್ ನೊ ಇತಾ', ಒಂದು. ನೊ ಅಂದ್ರೆ ನಮ್ಮ '-ದ' ಇದ್ದ ಹಾಗೆ. ಇತಾ ಅಂದ್ರೆ ಮರದ ಹಲಗೆಯೂ ಹೌದು, ಲೋಹದ ಪ್ಲೇಟೂ ಹೌದು. ನನಗೆ ಬೇಕಿದ್ದದ್ದು 10 ಮಿ.ಮೀ. ದಪ್ಪದ ಎಂ.ಎಸ್. ಪ್ಲೇಟ್, ಅಂದ್ರೆ ಮೈಲ್ಡ್ ಸ್ಟೀಲ್ ಪ್ಲೇಟ್. ಮಾರನೇ ದಿನ ಬಂದದ್ದು ಬಟ್ಟೆ ಇಸ್ತ್ರಿ ಮಾಡುವ ಹಲಗೆ. ದಪ್ಪ ಬರೆದಿರಲಿಲ್ಲ, ಎಸ್‌ಎಸ್ 400 ಅಂತ ಉಕ್ಕಿನ ಗ್ರೇಡ್ ಬರೆದಿರಲಿಲ್ಲ. ಎರಡರಲ್ಲಿ ಒಂದಿದ್ದರೂ ಸ್ಟೋರ್ಸಿನವರೇ ಹಿಡಿಯುತ್ತಿದ್ದರು. ಕೆಲಸ ಎರಡು ದಿನ ನಿಂತಿತು. ನಮ್ಮ ಮೇಲಿನವರು ಗಿರಾಕಿಗೆ ಫೋನ್ ಮಾಡಿ, ಎದುರಿಗೆ ಯಾರೂ ಇಲ್ಲದಿದ್ದರೂ ತಲೆ ಬಾಗಿಸಿ ಕ್ಷಮೆ ಕೇಳುತ್ತಿದ್ದರು, ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಒಂದು ಮಾತೂ ಬೈಯಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಲೋಹಗಳ ಪಟ್ಟಿ ಬಾಯಿಪಾಠ ಮಾಡಲಾ ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ಬಿಡಿ ಪದ ತಲೆಯಲ್ಲಿ ನಿಲ್ಲುವುದಿಲ್ಲ. ಐಚಿಯ ನಗೋಯಾ ನಗರದಲ್ಲಿ ನೆಲದಡಿ ಓಡುವ ರೈಲು ಚಿಕಾತೆತ್ಸು, ಚಿಕಾ ಅಂದ್ರೆ ನೆಲದಡಿ. ರೈಲುಹಾದಿ ತೆತ್ಸುದೋ. ಕಬ್ಬಿಣದ ಪ್ಲೇಟ್ ತೆಪ್ಪಾನ್ (ತೆತ್ಸು ಇಲ್ಲಿ ತೆಪ್ ಆಗಿದೆ), ಅದರ ಮೇಲೆ ಬೇಯಿಸಿದ್ದೇ ತೆಪ್ಪಾನ್‌ಯಾಕಿ. ಚೀಟಿಯಲ್ಲಿ ನಾನು ಬರೆಯಬೇಕಿದ್ದ ಪದ ತೆಪ್ಪಾನ್. ಹೀಗೆ ಊರು ಸುತ್ತುತ್ತಾ, ಊಟ ಮಾಡುತ್ತಾ ಕಲಿಯಿರಿ.

ಕಬ್ಬಿಣಕ್ಕೆ ನೀವು ಹೇಳಿದ ಇನ್ನೊಂದು ಹೆಸರು, ಕುರೊಗನೆ, ಹಳೆಯ ಪದ, ವರ್ಕ್‌ಶಾಪಿನಲ್ಲಿ ಯಾರೂ ಅನ್ನುವುದಿಲ್ಲ. ಆದರೂ ಅದನ್ನು ಬಿಡಬೇಡಿ. ಕುರೊ ಅಂದ್ರೆ ಕಪ್ಪು, ಕನೆ (ಜೋಡಿಸಿದಾಗ ಗನೆ) ಅಂದ್ರೆ ಲೋಹ. ನಮ್ಮ ಕಬ್ಬಿಣವೂ ಹಳಗನ್ನಡದ ಕರ್ಬೊನ್, ಕರಿಯ ಪೊನ್ನೇ, ಅಂದ್ರೆ ಕರಿಯ ಲೋಹವೇ ಅಲ್ವಾ? ಅವರ ಹಳೆಯ ಮಾತಿನಲ್ಲಿ ತಾಮ್ರ ಅಕಗನೆ, ಕೆಂಪು ಲೋಹ. ಬೆಳ್ಳಿ ಶಿರೊಗನೆ, ಬಿಳಿ ಲೋಹ, ನಮ್ಮ ಬೆಳ್ಳಿಯಲ್ಲೂ ಬಿಳುಪೇ ಇರುವ ಹಾಗೆ.