ರೀಟಾ ಬಂದಾಗ ನಾವೂ ಓಡಿದ್ದೆವು

"ಅಕ್ಕಾ, ಹ್ಯೂಸ್ಟನ್‌ನಲ್ಲಿ ಸಮುದ್ರದ ಕಡೆಗಿರುವ ಕ್ಲಿಯರ್ ಲೇಕ್ ಹತ್ತಿರ ಮನೆ ಮಾಡಿದ್ದೇವೆ, ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಹರಿಕೇನ್ (ಚಂಡಮಾರುತ) ಅಂದ ತಕ್ಷಣ ಊರಿನ ಎಲ್ಲರ ಜೊತೆ ಡಲ್ಲಾಸ್ ಕಡೆ ಹೊರಟುಬಿಡಬೇಕಾ?" ಅಂತ ಕೇಳಿದ್ದೀರಿ. ಆ "ಎಲ್ಲರ ಜೊತೆ" ಅನ್ನೋದೇ ಇಲ್ಲಿ ಫಜೀತಿ.

2005ರ ಸೆಪ್ಟೆಂಬರ್. ಕತ್ರಿನಾ ಹರಿಕೇನ್ ನ್ಯೂ ಆರ್ಲಿಯನ್ಸನ್ನು ಮುಳುಗಿಸಿ ಇನ್ನೂ ತಿಂಗಳಾಗಿರಲಿಲ್ಲ. ಟಿ.ವಿ.ಯಲ್ಲಿ ಅದನ್ನೇ ನೋಡಿ ನೋಡಿ ಕಂಗಾಲಾಗಿದ್ದ ಹ್ಯೂಸ್ಟನ್, ರೀಟಾ ಅನ್ನೋ ಇನ್ನೊಂದು ಹರಿಕೇನ್ ಬರ್ತಿದೆ ಅಂದದ್ದೇ ಗಂಟುಮೂಟೆ ಕಟ್ಟಿತು. ಸುತ್ತಮುತ್ತಲಿಂದ 25 ಲಕ್ಷದಷ್ಟು ಜನ ರಸ್ತೆಗಿಳಿದರು. ನಾವೂ ಇಳಿದೆವು. ಊರಿನ ವಾಯವ್ಯಕ್ಕೆ, ಸಮುದ್ರದ ಗಾಳಿಯೂ ಸರಿಯಾಗಿ ಸೋಕದ ಬಡಾವಣೆಯಲ್ಲಿದ್ದುಕೊಂಡು!

ಡಲ್ಲಾಸ್ 240 ಮೈಲಿ, ನಾಲ್ಕು ಗಂಟೆ ದಾರಿ. ಹದಿನಾಲ್ಕು ಗಂಟೆ ಕೂತು ನಾವು ಮುಟ್ಟಿದ್ದು ಇಲ್ಲೇ ಮಗ್ಗುಲಲ್ಲಿರುವ ಕಾನ್ರೋ. ಗ್ಯಾಸ್ (ಪೆಟ್ರೋಲು) ಉಳಿಸೋಕೆ ಏಸಿ ಆರಿಸಿ, ಮಗುವಿನ ಮೈಮೇಲೆ ಒದ್ದೆ ಟವೆಲ್ ಹಾಕಿದ್ದೆ. ಡಬ್ಬಿಯ ಮೊಸರನ್ನ ಹುಳಿ ಬಂದಿತ್ತು. ಎದುರುಗಡೆ, ಊರೊಳಗೆ ಬರುವ ಲೇನುಗಳು ಬಿಕೋ ಅನ್ನುತ್ತಿದ್ದವು. ಅವನ್ನೂ ಹೊರಹೋಗುವವರಿಗೇ ಬಿಡೋದಕ್ಕೆ ಕಾಂಟ್ರಾಫ್ಲೋ ಅಂತಾರೆ. ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ: ಹೆದ್ದಾರಿಗೆ ಹತ್ತುವ ಒಂದೊಂದು ರ್‍ಯಾಂಪಿಗೂ ಪೊಲೀಸರನ್ನು ನಿಲ್ಲಿಸಿ ಮುಚ್ಚಬೇಕು, ಇಲ್ಲದಿದ್ದರೆ ಯಾರೋ ಒಬ್ಬ ಎದುರಿಗೇ ಬರ್ತಾನೆ. ಆಂಬುಲೆನ್ಸು, ಗ್ಯಾಸ್ ಟ್ಯಾಂಕರು ಒಳಗೆ ಬರೋಕೂ ದಾರಿ ಬೇಕಲ್ಲ. ಅವತ್ತು ಡಲ್ಲಾಸಿಗೆ ಹೋಗುವ ಐ-45 ಹೆದ್ದಾರಿಯಲ್ಲಿ ಅದನ್ನು ತೆರೆಯೋ ಹೊತ್ತಿಗೆ ಸಾವಿರಾರು ಗಾಡಿಗಳ ಟ್ಯಾಂಕು ಬರಿದಾಗಿತ್ತು. ಕೊನೆಗೆ ನಾವು ಸೋತು, ಹೆದ್ದಾರಿ ಪಕ್ಕದ ಫೀಡರ್ ರಸ್ತೆ ಹಿಡಿದು ಮನೆಗೆ ವಾಪಸ್ಸಾದೆವು.

ರೀಟಾ ಪೂರ್ವಕ್ಕೆ ಹೊರಳಿ ಲೂಸಿಯಾನಾ ಗಡಿಗೆ ಅಪ್ಪಳಿಸಿತು. ನಮ್ಮ ಬೇಲಿಯ ಎರಡು ಹಲಗೆ ಬಿದ್ದಿತ್ತು, ಅಷ್ಟೇ. ಆದರೆ ರೀಟಾದಿಂದ ಸತ್ತವರಲ್ಲಿ ಬಹುಪಾಲು ಜನ ಗಾಳಿಗಲ್ಲ, ಈ ಓಟಕ್ಕೇ ಬಲಿಯಾದರು. ವೃದ್ಧಾಶ್ರಮದವರಿದ್ದ ಒಂದು ಬಸ್ಸಿಗೆ ಡಲ್ಲಾಸ್ ಹತ್ತಿರ ಬೆಂಕಿ ಬಿದ್ದು 23 ಮಂದಿ ಹೋದರು. ಸಮುದ್ರದಂಚಿನ ಗಾಲ್ವೆಸ್ಟನ್‌ನಿಂದ ನಿಜವಾಗಿ ಓಡಲೇಬೇಕಿದ್ದವರ ಮುಂದೆ ಅಡ್ಡ ನಿಂತಿದ್ದ ಕಾರುಗಳಲ್ಲಿ ನಮ್ಮದೂ ಒಂದು. ಇದು ನನಗೆ ಹೊಳೆದದ್ದು ಬಹಳ ದಿನ ಕಳೆದ ಮೇಲೆ.

ಆಮೇಲೆ ಸರ್ಕಾರ ಕಲಿಯಿತು. ಈಗ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ) ನೋಡಿ ವಲಯ ಮಾಡಿದ್ದಾರೆ: ಮೊದಲು ಕರಾವಳಿ, ಆಮೇಲೆ ಎ, ಬಿ, ಸಿ. ಸಮುದ್ರ ಉಕ್ಕಿ ನುಗ್ಗುವ ಜಾಗದವರು ಹೊರಡಬೇಕು, ಬರೀ ಗಾಳಿ ಬೀಸುವ ಜಾಗದವರು ಮನೆಯಲ್ಲೇ ಇರಬೇಕು. ಕೆಲವು ಹೆದ್ದಾರಿಗಳ ಅಂಚಿನಲ್ಲಿ ನೀಲಿ ಗುರುತು ಕಂಡಿರಬಹುದು. ಆದೇಶವಾದಾಗ ಆ ಶೋಲ್ಡರ್ ಮೇಲೂ ಗಾಡಿ ಬಿಡ್ತಾರೆ. ಹಾಗಂತ ಎಲ್ಲ ಗೆದ್ದೆವು ಅಂದುಕೊಳ್ಳಬೇಡಿ. 2017ರಲ್ಲಿ ಹಾರ್ವಿ ಬಂದಾಗ ಮೇಯರ್ ಊರು ಖಾಲಿ ಮಾಡಿಸಲಿಲ್ಲ. ರೀಟಾದ ನೆನಪೂ ಅದಕ್ಕೊಂದು ಕಾರಣ. ಮಳೆಯಲ್ಲಿ ಊರೇ ಮುಳುಗಿತು, ಸರಿಯೋ ತಪ್ಪೋ ಅಂತ ಇನ್ನೂ ಜಗಳ ನಡೆದಿದೆ. ಮುಳುಗುವ ರಸ್ತೆಗಳ ಮೇಲೆ ಲಕ್ಷಾಂತರ ಕಾರು ನಿಲ್ಲಿಸದೇ ಇದ್ದದ್ದೇ ಸರಿ ಅನ್ನೋಳು ನಾನು.

ನಿಮ್ಮದು ನೀರಿನ ಪಕ್ಕ, ವಲಯದೊಳಗೇ ಇರಬೇಕು, ಇವತ್ತೇ ನೋಡಿಕೊಳ್ಳಿ. ಜೂನ್‌ನಿಂದ ನವೆಂಬರ್‌ವರೆಗೆ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ. ಅಪ್ಪನ ಮಾತ್ರೆ, ಇಬ್ಬರ ಪಾಸ್‌ಪೋರ್ಟು ಒಂದೇ ಚೀಲದಲ್ಲಿರಲಿ. ನಿಮ್ಮ ವಲಯದ ಹೆಸರು ಬಂದ ದಿನವೇ, ಬೆಳಕು ಹರಿಯೋ ಮುಂಚೆ, ಒಂದೇ ಕಾರಿನಲ್ಲಿ ಹೊರಡಿ. ಡಲ್ಲಾಸ್ ಯಾಕೆ? ನಮ್ಮಲ್ಲಿಗೇ ಬನ್ನಿ, ವಾಯವ್ಯದ ಆ ಹಳೇ ಮನೆಯಲ್ಲೇ ಇದ್ದೇವೆ, ಎರಡು ರೂಮು ಖಾಲಿ ಇವೆ. ಅಮ್ಮನಿಗೆ ಬಾಣಂತನಕ್ಕೆ ಬಂದಷ್ಟು ಸಾಮಾನು ತರೋದು ಬೇಡ ಅನ್ನಿ, ಅಕ್ಕಿ-ಬೇಳೆ ನಮ್ಮಲ್ಲಿದೆ.